ಸೆಕೆಗೆ ಹಾಲು, ಫ್ಯಾಟ್, ಗಬ್ಬ ಮೂರೂ ಕುಸಿಯುತ್ತಿವೆ: ಕೊಟ್ಟಿಗೆಯಲ್ಲಿ ಮೊದಲು ಏನು ಬದಲಿಸಬೇಕು?

ಹಟ್ಟಿಗಾರ (ಪ್ರಶ್ನೆ)

ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸುಗಳ ಕೊಟ್ಟಿಗೆ. ತಗಡಿನ ಮಾಡು, ಸೂರಿನ ಎತ್ತರ 2.4 ಮೀಟರ್, ಮೂರು ಕಡೆ ಗೋಡೆ. ಮಧ್ಯಾಹ್ನ ಫಾಗರ್ (ನೀರನ್ನು ಮಂಜಿನಂಥ ಸಣ್ಣ ಹನಿಯಾಗಿ ಸಿಂಪಡಿಸುವ ಸಾಧನ) ಓಡುತ್ತದೆ, ಫ್ಯಾನ್ ಇಲ್ಲ. ನೀರಿನ ತೊಟ್ಟಿ ಒಂದೇ, ಹೊರಗೆ ಬಿಸಿಲಿನಲ್ಲಿದೆ.

ತಿಳಿಯಬೇಕಾದದ್ದು ನಾಲ್ಕು ವಿಷಯ. ಮಧ್ಯಾಹ್ನದ ಉಷ್ಣಾಂಶ ಮೊದಲಿಗಿಂತ ಬಹಳವೇನೂ ಏರಿಲ್ಲ, ಆದರೂ ಹಾಲು ಇಷ್ಟು ಇಳಿಯುವುದೇಕೆ? ಸೆಕೆ ದಿನಗಳಲ್ಲಿ ಫಾಗರ್ ಹಾಕಿದರೂ ಹಸು ಏದುಸಿರು ಬಿಡುವುದೇಕೆ? ಮೇವು, ಹಿಂಡಿ ಯಾವುದನ್ನೂ ಬದಲಿಸದಿದ್ದರೂ ಹಾಲಿನ ಫ್ಯಾಟ್ (ಕೊಬ್ಬಿನಂಶ) ಬೀಳುವುದೇಕೆ? ಹವೆ ತಂಪಾದ ಮೇಲೂ ಎರಡು ತಿಂಗಳು ಗಬ್ಬ ನಿಲ್ಲದಿರುವುದೇಕೆ? ಎಲ್ಲವನ್ನೂ ಒಂದೇ ಸಲ ಮಾಡುವಷ್ಟು ಹಣವಿಲ್ಲ, ಯಾವುದರಿಂದ ಶುರು ಮಾಡಬೇಕು?

ಗಾಳಿಬೆಳಕು

ಮೊದಲು ಮಧ್ಯಾಹ್ನದ ಉಷ್ಣಾಂಶವನ್ನು ಮಾತ್ರ ನೋಡುವುದನ್ನು ಬಿಡಿ. ಹಸುವಿಗೆ ತಗಲುವುದು ಉಷ್ಣಾಂಶ ಮತ್ತು ತೇವಾಂಶ ಎರಡೂ ಕೂಡಿದ ಹೊರೆ. ಅದನ್ನು ಅಳೆಯಲು ತಾಪ-ತೇವ ಸೂಚ್ಯಂಕ ಇದೆ, ಇಂಗ್ಲಿಷಿನಲ್ಲಿ ಟಿಎಚ್‌ಐ ಅನ್ನುತ್ತಾರೆ. ಲೆಕ್ಕ ಹೀಗೆ: ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವನ್ನು 1.8ರಿಂದ ಗುಣಿಸಿ, ಅದನ್ನು 'ಕ' ಅನ್ನಿ. ತೇವಾಂಶದ ಶೇಕಡಾ ಅಂಕಿಯನ್ನು 0.0055ರಿಂದ ಗುಣಿಸಿ 0.55ರಿಂದ ಕಳೆಯಿರಿ, ಅದು 'ಖ'. ಸೂಚ್ಯಂಕ = (ಕ + 32) − ಖ × (ಕ − 26).

32 ಡಿಗ್ರಿ, ಶೇ. 70 ತೇವ ಇದ್ದರೆ ಉತ್ತರ 84.4. 38 ಡಿಗ್ರಿ, ಶೇ. 20 ತೇವ ಇದ್ದರೆ 81.7. ಆರು ಡಿಗ್ರಿ ಕಡಿಮೆ ಇರುವ ದಿನವೇ ಹಸುವಿಗೆ ಹೆಚ್ಚು ಕಷ್ಟ. ಹಿಂದೆ 72 ದಾಟಿದರೆ ತೊಂದರೆ ಶುರು ಎನ್ನುತ್ತಿದ್ದರು. ಹೆಚ್ಚು ಹಾಲಿನ ಹಸುಗಳಿಗೆ ಈಗ 68 ಅನ್ನೇ ಗಡಿ ಎಂದು ಹಿಡಿಯುತ್ತಾರೆ, ಏಕೆಂದರೆ ಹಾಲು ಹೆಚ್ಚಿದಷ್ಟೂ ಮೈಯೊಳಗೆ ಹುಟ್ಟುವ ಶಾಖವೂ ಹೆಚ್ಚು.

ಇನ್ನು ರಾತ್ರಿ. ಹಗಲಲ್ಲಿ ಮೈಗೆ ಸೇರಿದ ಶಾಖವನ್ನು ಹಸು ಹೊರಹಾಕುವುದು ರಾತ್ರಿಯಲ್ಲಿ. ಭೂಮಿ ಬಿಸಿಯಾಗುತ್ತಿರುವಾಗ ಬಹಳ ಕಡೆ ಹಗಲಿಗಿಂತ ರಾತ್ರಿಯ ಕನಿಷ್ಠ ಉಷ್ಣಾಂಶವೇ ಬೇಗ ಏರಿದೆ. 26 ಡಿಗ್ರಿ, ಶೇ. 90 ತೇವ ಇರುವ ರಾತ್ರಿ ನಮಗೆ ಸಾಧಾರಣ ಅನ್ನಿಸುತ್ತದೆ, ಲೆಕ್ಕ ಹಾಕಿದರೆ 77.7. ಅಂಥ ಮೂರು ರಾತ್ರಿ ಸಾಲಾಗಿ ಬಂದರೆ ಮೊದಲ ದಿನದ ಶಾಖ ಮೂರನೇ ದಿನಕ್ಕೂ ಉಳಿದಿರುತ್ತದೆ. ಹಾಲು ಇಳಿಯುವುದು ಸೆಕೆಯ ದಿನವೇ ಅಲ್ಲ, ಒಂದೆರಡು ದಿನ ಬಿಟ್ಟು. ಹಾಗಾಗಿ ಕಾರಣವನ್ನು ಅವತ್ತಿನ ಮೇವಿನಲ್ಲಿ ಹುಡುಕುತ್ತಾ ಕೂರುತ್ತೇವೆ. 2022ರ ಜೂನ್‌ನಲ್ಲಿ ಅಮೆರಿಕದ ಕನ್ಸಾಸ್‌ನಲ್ಲಿ ಮಾಂಸಕ್ಕಾಗಿ ಕೊಬ್ಬಿಸುತ್ತಿದ್ದ ಸಾವಿರಾರು ದನಗಳು ಸತ್ತವು. ಅಲ್ಲಿ ಆದದ್ದೂ ಇದೇ: ಉಷ್ಣಾಂಶ ಏರಿತು, ಜೊತೆಗೆ ತೇವ ಏರಿತು, ಗಾಳಿ ಬಿತ್ತು, ರಾತ್ರಿ ತಂಪಾಗಲಿಲ್ಲ.

ಇನ್ನು ಫಾಗರ್. ಅದು ತಂಪು ಮಾಡುವುದು ಗಾಳಿಯನ್ನು, ಹಸುವನ್ನಲ್ಲ. ಒಣ ಹವೆಯಲ್ಲಿ ಮಂಜಿನ ಹನಿ ಪೂರ್ತಿ ಆವಿಯಾಗುವುದರಿಂದ ಗಾಳಿ ಚೆನ್ನಾಗಿ ತಣ್ಣಗಾಗುತ್ತದೆ. 34 ಡಿಗ್ರಿ, ಶೇ. 60 ತೇವದಲ್ಲಿ ಫಾಗರ್ ಓಡಿಸಿ ಉಷ್ಣಾಂಶವನ್ನು 31ಕ್ಕೆ ಇಳಿಸಿದರೆ ತೇವ ಶೇ. 75ರ ಸುಮಾರಿಗೆ ಏರುತ್ತದೆ. ಸೂಚ್ಯಂಕ 85.5ರಿಂದ 83.7ಕ್ಕೆ ಬರುತ್ತದೆ, ಅಷ್ಟೇ. ಮೂರು ಕಡೆ ಗೋಡೆ ಇದ್ದು ಆ ತೇವ ಹೊರಗೆ ಹೋಗದಿದ್ದರೆ ಇದಕ್ಕಿಂತ ಕೆಡುತ್ತದೆ. ಮಂಜಿನ ಸಣ್ಣ ಹನಿ ರೋಮದ ತುದಿಯಲ್ಲೇ ಕೂತು, ಚರ್ಮಕ್ಕೂ ಗಾಳಿಗೂ ನಡುವೆ ತೇವದ ಪದರ ಕಟ್ಟುತ್ತದೆ. ಹಸು ಇನ್ನಷ್ಟು ಏದುಸಿರು ಬಿಡುತ್ತದೆ.

ಸೆಕೆಯ ಹವೆಗೆ ಬೇಕಾದದ್ದು ದಪ್ಪ ಹನಿ ಮತ್ತು ಬಿರುಸಾದ ಗಾಳಿ. ಚರ್ಮದವರೆಗೆ ನೆನೆಸಿ, ಆಮೇಲೆ ಗಾಳಿಯಲ್ಲಿ ಒಣಗಿಸಬೇಕು. ನೀರು ಆವಿಯಾಗುವಾಗ ಶಾಖ ತೆಗೆದುಕೊಳ್ಳುವುದು ಹಸುವಿನ ಚರ್ಮದಿಂದ. ಗೋದಲಿಯ ಉದ್ದಕ್ಕೆ ಪೈಪ್ ಎಳೆದು, ದಪ್ಪ ಹನಿಯ ನಾಝಲ್‌ಗಳನ್ನು ಹಸುವಿನ ಭುಜ ಮತ್ತು ಬೆನ್ನಿನ ಮೇಲೆ ಬೀಳುವಂತೆ ಕಟ್ಟಿ. ಟೈಮರ್ 1ರಿಂದ 2 ನಿಮಿಷ ನೀರು ಬಿಡಲಿ, ಆಮೇಲೆ 10ರಿಂದ 12 ನಿಮಿಷ ಬರೀ ಫ್ಯಾನ್. ಪ್ರತಿ ಸುತ್ತಿನಲ್ಲಿ ಹಸುವೊಂದಕ್ಕೆ 1ರಿಂದ 2 ಲೀಟರ್ ಸಾಕು. ಹೊಟ್ಟೆಯ ಕೆಳಗಿಂದ ನೀರು ಇಳಿದು ಕೆಚ್ಚಲು, ಮೊಲೆತೊಟ್ಟು ಒದ್ದೆಯಾದರೆ ನೀರು ಹೆಚ್ಚಾಯಿತು ಎಂದರ್ಥ. ಕೆಚ್ಚಲು ಬಾವು ಬರುವ ದಾರಿ ಅದು. ಮಲಗುವ ಜಾಗದ ಮೇಲೆ ನೀರು ಬೇಡವೇ ಬೇಡ, ಅಲ್ಲಿ ಫ್ಯಾನ್ ಮಾತ್ರ.

ಫ್ಯಾನಿನ ಗಾಳಿ ಹಸುವಿನ ಬೆನ್ನಿನ ಮಟ್ಟದಲ್ಲಿ ಸೆಕೆಂಡಿಗೆ 2ರಿಂದ 3 ಮೀಟರ್ ವೇಗದಲ್ಲಿ ತಗಲಬೇಕು. ಫ್ಯಾನಿನ ಗಾಳಿ ಅದರ ಅಡ್ಡಳತೆಯ ಹತ್ತು ಪಟ್ಟು ದೂರ ಹೋಗುತ್ತದೆ ಎಂದು ಲೆಕ್ಕವಿಡಿ: 90 ಸೆಂಮೀ ಫ್ಯಾನ್ ಆದರೆ 9 ಮೀಟರ್‌ಗೊಂದು, 120 ಸೆಂಮೀ ಆದರೆ 12 ಮೀಟರ್‌ಗೊಂದು. ಎಲ್ಲವೂ ಒಂದೇ ದಿಕ್ಕಿಗೆ, ಸಹಜ ಗಾಳಿ ಬೀಸುವ ಕಡೆಗೇ ತಿರುಗಿರಲಿ. ಮುಂದಿನ ಫ್ಯಾನಿನ ಬುಡಕ್ಕೆ ಗಾಳಿ ಬೀಳುವಂತೆ ಕೆಳಕ್ಕೆ ಬಾಗಿಸಿ. ಮನೆಯ ಸೀಲಿಂಗ್ ಫ್ಯಾನ್ ಈ ಕೆಲಸಕ್ಕಾಗದು. ಫ್ಯಾನನ್ನು 21-22 ಡಿಗ್ರಿಗೇ ಶುರು ಮಾಡಿ, ರಾತ್ರಿ ಆರಿಸಬೇಡಿ. ಮೇಲೆ ಹೇಳಿದ ಕಾರಣಕ್ಕೆ ರಾತ್ರಿಯ ಫ್ಯಾನೇ ಹೆಚ್ಚು ಮುಖ್ಯ.

ನಿಮ್ಮ ಕೊಟ್ಟಿಗೆಯ ಮಟ್ಟಿಗೆ ಕ್ರಮ ಹೇಳುವುದಾದರೆ, ಮೊದಲು ತೊಟ್ಟಿಗೆ ನೆರಳು ಮತ್ತು ಇನ್ನೊಂದು ತೊಟ್ಟಿ. ಆಮೇಲೆ ಎರಡು ಪಕ್ಕದ ಗೋಡೆಗಳನ್ನು ಸೊಂಟದ ಎತ್ತರಕ್ಕೆ ಇಳಿಸಿ. ಮಾಡಿನ ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಸೀಳು ಬಿಡಿ, ಕೊಟ್ಟಿಗೆಯ ಅಗಲ 3 ಮೀಟರ್‌ಗೆ 5 ಸೆಂಮೀ ಲೆಕ್ಕ. ತಗಡಿಗೆ ಹೊರಗಿನಿಂದ ಬಿಳಿ ಬಳಿಯಿರಿ, ಒಳಗಿನಿಂದ ಹುಲ್ಲಿನ ಅಥವಾ ಚಾಪೆಯ ಪದರ ಕಟ್ಟಿ. 2.4 ಮೀಟರ್ ಎತ್ತರದ ಕಾದ ತಗಡು ಹಸುವಿನ ಬೆನ್ನಿಗೆ ನೇರವಾಗಿ ಶಾಖ ಬೀರುತ್ತದೆ. ಮುಂದೆ ಮಾಡು ಬದಲಿಸುವಾಗ ಸೂರು 3 ಮೀಟರ್‌ಗಿಂತ ಮೇಲಿರಲಿ. ಮೂರನೆಯದಾಗಿ ಫ್ಯಾನ್, ಕೊನೆಗೆ ನೀರು. ಫ್ಯಾನ್ ಇಲ್ಲದೆ ನೀರು ಹಾಕಿದರೆ ಕೊಟ್ಟಿಗೆ ಒದ್ದೆಯಾಗುತ್ತದೆ, ಹಸು ತಣಿಯುವುದಿಲ್ಲ.

ಮೇವುಮನೆ

ಗಾಳಿಬೆಳಕು ಸರ್ ಹೇಳಿದ ಕ್ರಮ ಸರಿ. ಫ್ಯಾಟ್ ವಿಷಯಕ್ಕೆ ನಾನು ಬರುತ್ತೇನೆ.

ಹಸು ಏದುಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಬೇಗ ಹೊರಹೋಗುತ್ತದೆ, ರಕ್ತ ಕ್ಷಾರದ ಕಡೆ ವಾಲುತ್ತದೆ. ಅದನ್ನು ಸರಿದೂಗಿಸಲು ಮೂತ್ರಪಿಂಡ ಹುಳಿಯನ್ನು ತಣಿಸುವ ಬೈಕಾರ್ಬೊನೇಟನ್ನು ಹೊರಗೆ ಚೆಲ್ಲುತ್ತದೆ. ಜೊಲ್ಲಿನಲ್ಲಿ ಹೊಟ್ಟೆಗೆ ಹೋಗಬೇಕಿದ್ದ ಬೈಕಾರ್ಬೊನೇಟ್ ಬಾಯಿಂದ ನೆಲಕ್ಕೆ ಸೋರುತ್ತದೆ. ಮೆಲುಕು ಕಡಿಮೆಯಾಗಿ ಜೊಲ್ಲು ಹುಟ್ಟುವುದೂ ಕಡಿಮೆ. ಸಾಲದೆಂಬಂತೆ ಹಸು ಒಣಹುಲ್ಲು ಬಿಟ್ಟು ಹಿಂಡಿಯನ್ನಷ್ಟೇ ಆರಿಸಿ ತಿನ್ನುತ್ತದೆ, ತಂಪಾದಾಗ ಒಮ್ಮೆಲೇ ಗಬಗಬ ಮುಕ್ಕುತ್ತದೆ. ಹೀಗೆ ಹೊಟ್ಟೆಯಲ್ಲಿ ಹುಳಿ ಏರಿ ನಾರು ಜೀರ್ಣಿಸುವ ಸೂಕ್ಷ್ಮಜೀವಿಗಳು ಸೊರಗುತ್ತವೆ, ಫ್ಯಾಟ್ ಬೀಳುತ್ತದೆ. ಸಗಣಿ ತೆಳ್ಳಗಾಗಿ ನೊರೆ ಕಾಣುವುದು, ಕೆಲವು ವಾರಗಳ ನಂತರ ಗೊರಸು ನೋವಿನಿಂದ ಕುಂಟುವುದು ಇದರದೇ ಮುಂದಿನ ಹಂತ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, "ಹಸು ತಿನ್ನುತ್ತಿಲ್ಲ, ಹಿಂಡಿ ಹೆಚ್ಚಿಸೋಣ" ಎನ್ನುವುದು. ನಾರು ಜೀರ್ಣವಾಗುವಾಗ ಶಾಖ ಹೆಚ್ಚು ಹುಟ್ಟುತ್ತದೆ ಎನ್ನುವುದು ನಿಜ, ಹಾಗಂತ ನಾರು ಕಡಿಮೆ ಮಾಡಿದರೆ ಮೇಲಿನ ಹುಳಿಯ ಸಮಸ್ಯೆ ಇಮ್ಮಡಿಸುತ್ತದೆ. ನಾರನ್ನು ಉಳಿಸಿ, ಅದರ ಗುಣ ಸುಧಾರಿಸಿ: ಬಲಿತು ಕಡ್ಡಿಯಾದ ಮೇವಿನ ಬದಲು ಹೂ ಬರುವ ಮೊದಲು ಕೊಯ್ದದ್ದು, ಒಳ್ಳೆಯ ರಸಮೇವು (ಗಾಳಿಯಾಡದಂತೆ ಗುಂಡಿಯಲ್ಲಿ ಹುದುಗಿಸಿದ ಹಸಿಮೇವು, ಸೈಲೇಜ್). ಶಕ್ತಿ ಹೆಚ್ಚಿಸಲು ಬೈಪಾಸ್ ಕೊಬ್ಬು (ಮೊದಲ ಹೊಟ್ಟೆಯಲ್ಲಿ ಕರಗದೆ ಮುಂದೆ ಕರುಳಿನಲ್ಲಿ ಜೀರ್ಣವಾಗುವಂಥದ್ದು) ದಿನಕ್ಕೆ 150ರಿಂದ 300 ಗ್ರಾಂ. ಸಾಮಾನ್ಯ ಎಣ್ಣೆ ಸುರಿಯಬೇಡಿ, ಅದು ನಾರು ಜೀರ್ಣಿಸುವ ಜೀವಿಗಳನ್ನೇ ಹೊಡೆಯುತ್ತದೆ. ಪ್ರೋಟೀನನ್ನೂ ಮಿತಿ ಮೀರಿಸಬೇಡಿ, ಹೆಚ್ಚಾದದ್ದನ್ನು ಯೂರಿಯಾ ಮಾಡಿ ಹೊರಹಾಕಲು ಹಸು ಶಕ್ತಿ ಕಳೆದುಕೊಳ್ಳುತ್ತದೆ.

ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್, ಹಾಲು ಕೊಡುವ ದೊಡ್ಡ ಹಸುವಿಗೆ ದಿನಕ್ಕೆ 150ರಿಂದ 200 ಗ್ರಾಂ, ಎರಡು ಮೂರು ಪಾಲು ಮಾಡಿ ಹಿಂಡಿಯಲ್ಲಿ ಕಲಸಿ. ದನಗಳ ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಪೊಟ್ಯಾಶಿಯಂ. ಆದ್ದರಿಂದ ಉಪ್ಪೊಂದನ್ನೇ ಕೊಟ್ಟರೆ ಅರ್ಧ ಕೆಲಸ. ಒಟ್ಟು ಆಹಾರದ ಒಣತೂಕದಲ್ಲಿ ಪೊಟ್ಯಾಶಿಯಂ ಶೇ. 1.5ರ ಆಸುಪಾಸು, ಮೆಗ್ನೀಶಿಯಂ ಶೇ. 0.35 ಇರುವ ಹಾಗೆ ಖನಿಜ ಮಿಶ್ರಣ ಹೊಂದಿಸಿ.

ದಿನದ ಮೇವಿನ ಮೂರನೇ ಎರಡು ಪಾಲನ್ನು ಸಂಜೆ ತಡವಾಗಿ, ರಾತ್ರಿ ಮತ್ತು ನಸುಕಿನಲ್ಲಿ ಹಾಕಿ. ಬೆಳಿಗ್ಗೆ ಹತ್ತಕ್ಕೆ ಗೋದಲಿ ತುಂಬಿಸಿದರೆ ಜೀರ್ಣಕ್ರಿಯೆಯ ಶಾಖ ಮಧ್ಯಾಹ್ನದ ಸೆಕೆಯ ಜೊತೆಗೇ ಸೇರಿಕೊಳ್ಳುತ್ತದೆ. ಕಲಸಿದ ಮೇವಿಗೆ ಕೈ ಹಾಕಿ ನೋಡಿ. ಬಿಸಿ ತಗಲಿದರೆ ಅದು ಹುಳಿತು ಪೋಷಕಾಂಶ ಕಳೆದುಕೊಳ್ಳುತ್ತಿದೆ, ಹಸು ಮೂಸಿ ಬಿಡುತ್ತದೆ. ರಸಮೇವಿನ ಗುಂಡಿಯಿಂದ ಬೇಸಿಗೆಯಲ್ಲಿ ದಿನಕ್ಕೆ 30 ಸೆಂಮೀ ಆಳದಷ್ಟು ಇಡೀ ಮುಖದಿಂದ ಕೆರೆದು ತೆಗೆಯುವ ಹಾಗೆ ಗುಂಡಿಯ ಅಗಲ ಇರಬೇಕು. ಅಗಲ ಗುಂಡಿ, ಕಡಿಮೆ ಹಸು ಇದ್ದರೆ ತೆರೆದ ಮುಖ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ.

ನೀರಿಗೆ ಮೊದಲ ಸ್ಥಾನ ಕೊಟ್ಟದ್ದು ತುಂಬಾ ಸರಿ. ಸೆಕೆಯಲ್ಲಿ ಹಾಲಿನ ಹಸುವಿಗೆ ದಿನಕ್ಕೆ 100 ಲೀಟರ್ ದಾಟುತ್ತದೆ. ಕರೆದ ಕೂಡಲೇ ಎಲ್ಲವೂ ಒಟ್ಟಿಗೆ ತೊಟ್ಟಿಗೆ ಬರುತ್ತವೆ, ಒಂದೊಂದು ಹಸು ನಿಮಿಷಕ್ಕೆ 10ರಿಂದ 20 ಲೀಟರ್ ಎಳೆಯಬಲ್ಲದು. ಸಣ್ಣ ಪೈಪಿನ ತೊಟ್ಟಿ ಆಗಲೇ ಖಾಲಿ, ಬಡಪಾಯಿ ಹಸುಗಳು ಕುಡಿಯದೇ ವಾಪಸಾಗುತ್ತವೆ. ಹಸುವೊಂದಕ್ಕೆ ತೊಟ್ಟಿಯ ಅಂಚು ಕನಿಷ್ಠ 7ರಿಂದ 10 ಸೆಂಮೀ ಸಿಗಬೇಕು, ನೀರು ಎರಡು ಕಡೆ ಇರಬೇಕು. ಬಿಸಿಲಿಗೆ ಬಿದ್ದ ಕಪ್ಪು ಪೈಪನ್ನು ಮಣ್ಣಿನಡಿ ಹುಗಿಯಿರಿ.

ಹಟ್ಟಿಗಾರ

ಸ್ಪಷ್ಟವಾಯಿತು, ಧನ್ಯವಾದ. ಎರಡು ಸಂಶಯ: ಸೋಡಾವನ್ನು ಗಬ್ಬದ ಹಸುಗಳಿಗೂ ಕೊಡಬಹುದೇ? ಬಿಸಿಲ ಹೊಡೆತಕ್ಕೆ ಹಸು ಕುಸಿದರೆ ವೈದ್ಯರು ಬರುವವರೆಗೆ ಏನು ಮಾಡಬೇಕು? ಗಬ್ಬದ ಪ್ರಶ್ನೆ ಇನ್ನೂ ಬಾಕಿಯಿದೆ.

ಪಶುವೈದ್ಯೆ

ಸೋಡಾ ಹಾಲು ಕೊಡುವ ಹಸುಗಳಿಗೆ ಮಾತ್ರ. ಕರು ಹಾಕಲು ಮೂರು ವಾರ ಇರುವ ಹಸುಗಳಿಗೆ ಅಡುಗೆ ಸೋಡಾವನ್ನೂ ಹೆಚ್ಚುವರಿ ಪೊಟ್ಯಾಶಿಯಂ ಅನ್ನೂ ಖಂಡಿತ ಕೊಡಬೇಡಿ. ಅವು ಮೈಯನ್ನು ಕ್ಷಾರದ ಕಡೆ ತಿರುಗಿಸುವುದರಿಂದ ಮೂಳೆಯಿಂದ ಸುಣ್ಣಾಂಶ ಬಿಡುಗಡೆಯಾಗುವುದು ನಿಧಾನವಾಗಿ, ಕರು ಹಾಕಿದ ಮೇಲೆ ಹಾಲುಜ್ವರ (ರಕ್ತದಲ್ಲಿ ಸುಣ್ಣಾಂಶ ಕುಸಿದು ಹಸು ಮಲಗಿಬಿಡುವ ರೋಗ) ಬರಬಹುದು. ಎಲ್ಲಕ್ಕೂ ಒಂದೇ ಬಾನಿಯಲ್ಲಿ ಹಿಂಡಿ ಕಲಸುವ ಕಡೆ ಈ ತಪ್ಪು ನಡೆದೇ ನಡೆಯುತ್ತದೆ. ಸೆಕೆಯಲ್ಲಿ ಹಸುಗಳು ಕೆಲವು ದಿನ ಮೊದಲೇ ಕರು ಹಾಕುತ್ತವೆ, ಆ ಮೂರು ವಾರವನ್ನು ನಾಲ್ಕು ಎಂದೇ ಇಟ್ಟುಕೊಳ್ಳಿ.

ಕುಸಿದ ಹಸು: ಗುದದ್ವಾರದ ಉಷ್ಣಾಂಶ ಸಾಮಾನ್ಯವಾಗಿ 38.5 ಡಿಗ್ರಿ ಸುಮಾರು. 39.2 ದಾಟಿದರೆ ಶಾಖ ಹೊರಹೋಗುತ್ತಿಲ್ಲ, 40 ದಾಟಿದರೆ ಗಂಭೀರ, 41 ಎಂದರೆ ತುರ್ತು. ಥರ್ಮಾಮೀಟರ್ ಇಲ್ಲದಿದ್ದರೆ ಪಕ್ಕೆ ಏರಿಳಿಯುವುದನ್ನು ಎಣಿಸಿ, ನಿಮಿಷಕ್ಕೆ 60 ದಾಟಿದರೆ ಎಚ್ಚರ. ಬಾಯಿ ತೆರೆದು ನಾಲಿಗೆ ಹೊರಗೆ ಹಾಕಿದ್ದರೆ ಕಾಯಬೇಡಿ. ಇದ್ದಲ್ಲೇ ನೆರಳು ಮಾಡಿ, ನಡೆಸಬೇಡಿ. ಮೈತುಂಬಾ ಧಾರಾಳವಾಗಿ ನೀರು ಹಾಕುತ್ತಲೇ ಇರಿ, ಫ್ಯಾನ್ ಹಿಡಿಯಿರಿ. ತಲೆಗೆ ಮಾತ್ರ ಹೊಯ್ಯುವುದು ಸಾಲದು. ಒದ್ದೆ ಗೋಣಿ ಹೊದಿಸಬೇಡಿ, ಕೆಲವೇ ನಿಮಿಷದಲ್ಲಿ ಅದೇ ಬಿಸಿಯಾಗಿ ಶಾಖ ಹಿಡಿದಿಡುತ್ತದೆ. ಬಾಯಿಗೆ ನೀರು ಹೊಯ್ಯಬೇಡಿ. ಏದುಸಿರಿನ ಹಸುವಿಗೆ ಗೊಟ್ಟದಲ್ಲಿ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಮುಂದೆ ಬಕೆಟ್ ಇಡಿ, ತಾನಾಗಿ ಕುಡಿಯಲಿ. ಉಷ್ಣಾಂಶ 39.5ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿ.

ಎಮ್ಮೆ ಇರುವವರಿಗೆ ಒಂದು ಮಾತು: ಕಪ್ಪು ಚರ್ಮ, ವಿರಳ ರೋಮ, ಬೆವರು ಗ್ರಂಥಿಗಳೂ ದನಕ್ಕಿಂತ ಬಹಳ ಕಡಿಮೆ. ನೆರಳು ಮತ್ತು ನೀರಿನ ಹೊಂಡ ಎರಡೂ ಇದ್ದರೆ ಸುಧಾರಿಸಿಕೊಳ್ಳುತ್ತದೆ, ಎರಡೂ ಇಲ್ಲದಿದ್ದರೆ ಹಸುವಿಗಿಂತ ಮೊದಲು ಸೋಲುತ್ತದೆ.

ಗಬ್ಬದ ವಿಷಯ. ಮೊದಲನೆಯದು ಬೆದೆ. ಸೆಕೆಯಲ್ಲಿ ಬೆದೆಯ ಅವಧಿ ಮೊಟಕಾಗುತ್ತದೆ, ಹಸು ಒಂದರ ಮೇಲೊಂದು ಹತ್ತುವುದಿಲ್ಲ, ಕೂಗುವುದಿಲ್ಲ. ಇರುವ ಲಕ್ಷಣವೂ ರಾತ್ರಿ ಮತ್ತು ನಸುಕಿನಲ್ಲೇ ಕಾಣುತ್ತದೆ. ಹಗಲು ಎರಡು ಸಲ ನೋಡುವ ಕ್ರಮದಲ್ಲಿ ಅರ್ಧ ತಪ್ಪಿಹೋಗುತ್ತವೆ. ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ, ಮತ್ತೆ ಬೆಳಗಾಗುವ ಮೊದಲು, ತಲಾ ಇಪ್ಪತ್ತು ನಿಮಿಷ ನೋಡಬೇಕು. ಹಾರ್ಮೋನ್ ಕೊಟ್ಟು ನಿಗದಿತ ಸಮಯಕ್ಕೆ ಗರ್ಭಧಾರಣೆ ಮಾಡಿಸುವ ಕ್ರಮ ಈ ತೊಂದರೆಗೆ ಪರಿಹಾರ, ಆದರೆ ಕೆಟ್ಟ ಅಂಡಾಣುವನ್ನು ಅದು ಸರಿಮಾಡುವುದಿಲ್ಲ.

ಎರಡನೆಯದೇ ನಿಮ್ಮ ಪ್ರಶ್ನೆಗೆ ಉತ್ತರ. ಇಂದು ಬಿಡುಗಡೆಯಾಗುವ ಅಂಡಾಣು ವಾರಗಟ್ಟಲೆ ಮೊದಲಿಂದ ಅಂಡಾಶಯದಲ್ಲಿ ಬೆಳೆಯುತ್ತಿತ್ತು. ಸೆಕೆಯ ಹೊಡೆತ ಅದಕ್ಕೆ ಆಗಲೇ ಬಿದ್ದಿದೆ. ಹವೆ ತಂಪಾದ ಮೇಲೂ ಎರಡು ಮೂರು ಬೆದೆ ಕಳೆಯಬೇಕು. ಹೋರಿಯಲ್ಲಿ ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು, ಅಲ್ಲೂ ಎರಡು ತಿಂಗಳ ಬಾಕಿ ಇದ್ದೇ ಇದೆ. ಸೆಕೆಗಾಲದಲ್ಲಿ ಹೋರಿ ಬಿಡುವುದಕ್ಕಿಂತ ತಂಪು ಕಾಲದಲ್ಲಿ ಸಂಗ್ರಹಿಸಿದ ಘನೀಕೃತ ವೀರ್ಯ ಮೇಲು. ಗರ್ಭಧಾರಣೆಯ ನಂತರದ ಮೊದಲ ಮೂರು ದಿನ ಭ್ರೂಣ ಶಾಖಕ್ಕೆ ಅತಿ ಸೂಕ್ಷ್ಮ. ಏಳನೇ ದಿನದ ಹೊತ್ತಿಗೆ ಸಾಕಷ್ಟು ತಾಳುತ್ತದೆ. ಹಾಗಾಗಿ ಆ ವಾರ ಆ ಹಸುವನ್ನು ಫ್ಯಾನಿನ ಎದುರೇ ಕಟ್ಟಿ.

ಮೂರನೆಯದನ್ನು ಯಾರೂ ಕೇಳುವುದಿಲ್ಲ, ನಷ್ಟ ಮಾತ್ರ ಇಲ್ಲೇ ದೊಡ್ಡದು: ಹಾಲು ಬತ್ತಿಸಿದ ಹಸುಗಳು. ಹಾಲಿಲ್ಲ ಎಂದು ಅವುಗಳನ್ನು ಹಿಂದಿನ ತಗಡಿನಡಿ, ಫ್ಯಾನಿಲ್ಲದ ಕಡೆ ಕಟ್ಟುತ್ತಾರೆ. ಕೊನೆಯ ಎರಡು ತಿಂಗಳಲ್ಲೇ ಕೆಚ್ಚಲಿನ ಜೀವಕೋಶಗಳು ಹೊಸದಾಗಿ ಹುಟ್ಟುವುದು. ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಈ ಅವಧಿಯಲ್ಲಿ ತಂಪು ಸಿಗದ ಹಸುಗಳು ಮುಂದಿನ ಸೂಲಿನಲ್ಲಿ ದಿನಕ್ಕೆ ಸುಮಾರು 4ರಿಂದ 5 ಕೆಜಿ ಕಡಿಮೆ ಹಾಲು ಕೊಟ್ಟವು. ಹೊಟ್ಟೆಯಲ್ಲಿದ್ದ ಕರುಗಳೂ ಕಡಿಮೆ ತೂಕದಲ್ಲಿ ಹುಟ್ಟಿದವು, ಗಿಣ್ಣು ಹಾಲಿನ ರೋಗನಿರೋಧಕಗಳನ್ನು ಸರಿಯಾಗಿ ಹೀರಿಕೊಳ್ಳಲಿಲ್ಲ, ದೊಡ್ಡವಾಗಿ ತಾವೂ ಕಡಿಮೆ ಕರೆದವು. ಎರಡೇ ಫ್ಯಾನ್ ಕೊಳ್ಳುವ ಶಕ್ತಿ ಇದ್ದರೆ ಒಂದು ಬತ್ತಿದ ಹಸುಗಳಿಗೆ.

ಕೋಳಿಗೂಡು

ಕೋಳಿಯವರಿಗೂ ಇದು ಉಪಯೋಗ, ಚಿಕ್ಕದಾಗಿ ಸೇರಿಸುತ್ತೇನೆ. ಕೋಳಿಗೆ ಬೆವರು ಗ್ರಂಥಿಯೇ ಇಲ್ಲ, ಸೆಕೆಯಲ್ಲಿ ಏದುಸಿರೇ ಮುಖ್ಯ ದಾರಿ. ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಏದುಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಕಳೆದುಹೋದರೆ ಕಾರ್ಬೊನೇಟ್ ಸಾಲದು, ಎಷ್ಟು ಸುಣ್ಣಕಲ್ಲು ತಿನ್ನಿಸಿದರೂ ಚಿಪ್ಪು ತೆಳುವೇ. ಮಾಂಸದ ಕೋಳಿಗಳಲ್ಲಿ ಸಾವು ಹೆಚ್ಚುವುದು ಮಧ್ಯಾಹ್ನದ ಕೊನೆಗೆ. ತಿಂದ ಆಹಾರದ ಶಾಖ ಕೆಲವು ಗಂಟೆಗಳ ನಂತರ ಏರುವುದರಿಂದ ಬೆಳಿಗ್ಗೆ ತಡವಾಗಿ ಆಹಾರದ ಪಾತ್ರೆ ಎತ್ತಿಬಿಡಿ, ಸಂಜೆ ತಂಪಾದ ಮೇಲೆ ಇಳಿಸಿ. ನೀರನ್ನು ಮಾತ್ರ ಯಾವತ್ತೂ ತೆಗೆಯಬೇಡಿ. ಕೊಳವೆಯೊಳಗೆ ಬಿಸಿಯಾದ ನೀರನ್ನು ಮಧ್ಯಾಹ್ನ ಒಂದೆರಡು ಸಲ ಹರಿಸಿ ಚೆಲ್ಲಿ. ನಡುವೆ ನಡೆದು ಕೋಳಿಗಳನ್ನು ಮೆಲ್ಲಗೆ ಎಬ್ಬಿಸಿ, ಕೂತ ಕೋಳಿಯ ಅಡಿ ಶಾಖ ಸಿಕ್ಕಿಕೊಂಡಿರುತ್ತದೆ. ಔಷಧಿ, ವಿಟಮಿನ್‌ಗಿಂತ ಮೊದಲು ಚದರಡಿಗೆ ಬಿಡುವ ಕೋಳಿಯ ಸಂಖ್ಯೆ ಇಳಿಸಿ.

ಮೇವುಮನೆ

ಇನ್ನೊಂದು ಹೇಳದಿದ್ದರೆ ತಪ್ಪಾಗುತ್ತದೆ. ಮಳೆ ಹಿಂದೆಮುಂದೆ ಆಗುವುದು, ನಡುವೆ ಉದ್ದ ಒಣಗಾಲ ಬರುವುದು ಹೆಚ್ಚಿದಂತೆ ಮೇವಿನ ವಿಷವೂ ಹೆಚ್ಚುತ್ತದೆ. ಬರದಲ್ಲಿ ಬಾಡಿದ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳ, ಇವುಗಳಲ್ಲಿ ಸಯನೈಡ್ ವಿಷ ಸೇರಿರುತ್ತದೆ. ಒಣಗಿದ ಮೇಲೆ ಒಂದು ಮಳೆ ಬಿದ್ದು ಹಸಿರಾದಾಗ ಬರುವ ಚಿಗುರು ಎಲ್ಲಕ್ಕಿಂತ ಅಪಾಯ. 60ರಿಂದ 75 ಸೆಂಮೀ ಎತ್ತರ ಬರುವವರೆಗೆ ದನ ಬಿಡಬೇಡಿ. ಚೆನ್ನಾಗಿ ಒಣಗಿಸಿದರೆ ಈ ವಿಷ ಇಳಿಯುತ್ತದೆ. ನೈಟ್ರೇಟ್ ಹಾಗಲ್ಲ. ಯೂರಿಯಾ ಹಾಕಿದ ಮೇವು ಬರಕ್ಕೆ ಸಿಕ್ಕರೆ ನೈಟ್ರೇಟ್ ದಂಟಿನ ಬುಡದಲ್ಲಿ ಕೂಡಿಕೊಳ್ಳುತ್ತದೆ, ಒಣಗಿಸಿದರೂ ಹಾಗೇ ಇರುತ್ತದೆ. ಬುಡದ 30 ಸೆಂಮೀ ಬಿಟ್ಟು ಕೊಯ್ಯಿರಿ, ಉಳಿದದ್ದನ್ನು ರಸಮೇವು ಮಾಡಿದರೆ ಬಹಳಷ್ಟು ಕರಗುತ್ತದೆ.

ಕಾಳು ಕಟ್ಟುವಾಗ ಬಿಸಿ ಮತ್ತು ಬರ ಎರಡೂ ಇದ್ದರೆ ಮೆಕ್ಕೆಜೋಳ, ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿಸುವ ಬೂಷ್ಟು ಹೊಲದಲ್ಲೇ ಹತ್ತಿಕೊಂಡು ಬರುತ್ತದೆ. ಹಸು ತಿಂದ ದಿನದೊಳಗೆ ಅದು ಎಂ1 ಎಂಬ ಬದಲಾದ ರೂಪದಲ್ಲಿ ಹಾಲಿಗಿಳಿಯುತ್ತದೆ. ಹಾಲಿನಲ್ಲಿ ಕೋಡೆಕ್ಸ್ (ಅಂತಾರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ, ಯುರೋಪಿನದು 0.05. ಕಾಯಿಸಿದರೆ ಹೋಗುವುದಿಲ್ಲ. ಕಾಳನ್ನು ಶೇ. 13ಕ್ಕಿಂತ ಕಡಿಮೆ ತೇವಕ್ಕೆ ಒಣಗಿಸಿ ನೆಲಕ್ಕೆ ತಾಗದಂತೆ ಇಡಿ. ಬೂಷ್ಟು ಹಿಡಿದ ಹಿಂಡಿಯನ್ನು "ಸ್ವಲ್ಪ ಸ್ವಲ್ಪ ಕಲಸಿ ಮುಗಿಸೋಣ" ಎನ್ನಬೇಡಿ.

ಪಶುವೈದ್ಯೆ

ಮೇಲಿನ ಎರಡು ವಿಷಕ್ಕೆ ಸೇರಿಸುವುದಿದೆ, ಏಕೆಂದರೆ ಔಷಧ ಬೇರೆ ಬೇರೆ. ಸಯನೈಡ್ ಆದರೆ ರಕ್ತ ಕಡುಗೆಂಪು, ನೈಟ್ರೇಟ್ ಆದರೆ ಕಾಫಿ ಬಣ್ಣ. ಸಯನೈಡಿಗೆ ಸೋಡಿಯಂ ನೈಟ್ರೈಟ್ ಮತ್ತು ಥಯೋಸಲ್ಫೇಟ್ ಕೊಡುತ್ತೇವೆ. ಅದೇ ನೈಟ್ರೈಟನ್ನು ನೈಟ್ರೇಟ್ ವಿಷದ ಹಸುವಿಗೆ ಕೊಟ್ಟರೆ ಸಾಯುತ್ತದೆ, ಅದಕ್ಕೆ ಮೆಥಿಲೀನ್ ಬ್ಲೂ ಬೇಕು. ಫೋನ್ ಮಾಡುವಾಗಲೇ ಒಸಡಿನ ಬಣ್ಣ, ತಿಂದ ಮೇವು, ಅದರ ಎತ್ತರ, ಹಾಕಿದ ಗೊಬ್ಬರ ಹೇಳಿಬಿಡಿ.

ರೋಗಗಳ ನಕ್ಷೆಯೂ ಬದಲಾಗುತ್ತಿದೆ. ಬೆಚ್ಚಗಾದಷ್ಟೂ ಕಚ್ಚುವ ನುಸಿಯೊಳಗೆ ವೈರಸ್ ಬೇಗ ಹೆಚ್ಚುತ್ತದೆ. ಈ ನುಸಿಗಳೇ ಹರಡುವ ನೀಲಿ ನಾಲಿಗೆ ರೋಗ 2006ರಲ್ಲಿ ಉತ್ತರ ಯುರೋಪಿಗೆ ಬಂದು, ಚಳಿಗಾಲ ದಾಟಿ ಮರುವರ್ಷ ಮತ್ತೆ ಹಬ್ಬಿತು. ಸೈಬೀರಿಯಾದ ಯಮಾಲ್‌ನಲ್ಲಿ 2016ರ ಬಿಸಿ ಬೇಸಿಗೆಯಲ್ಲಿ ಹೆಪ್ಪುನೆಲ (ವರ್ಷವಿಡೀ ಹೆಪ್ಪುಗಟ್ಟಿರುವ ಮಣ್ಣು) ಕರಗಿ, ಮಣ್ಣಿನಲ್ಲಿ ಬಹುಕಾಲ ಉಳಿಯುವ ಆಂಥ್ರಾಕ್ಸ್ ರೋಗ ಎದ್ದಿತು, 2000ಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು. ಅಲ್ಲಿ ರೋಗವಿಲ್ಲವೆಂದು 2007ರಲ್ಲಿ ಲಸಿಕೆ ನಿಲ್ಲಿಸಿದ್ದರು. ನಿಮ್ಮಲ್ಲಿ ಎಷ್ಟೋ ವರ್ಷದಿಂದ ಕಾಣದ ರೋಗದ ಲಸಿಕೆಯನ್ನೂ ವೈದ್ಯರನ್ನು ಕೇಳದೆ ಕೈಬಿಡಬೇಡಿ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಹಾಕಿಸುವುದು ನಸುಕಿನ ತಂಪಿನಲ್ಲಿ, ಏದುಸಿರಿನ ಹಸುವಿಗಲ್ಲ. ಸ್ಪ್ರಿಂಕ್ಲರ್ ಹಾಕಿದ ಮೇಲೆ ನೀರು ಹರಿದು ಹೋಗುವ ಚರಂಡಿ ಮಾಡಿಸುವುದನ್ನು ಮರೆಯಬೇಡಿ, ಸಗಣಿ ಬೆರೆತ ಒದ್ದೆ ಮಣ್ಣಿನಲ್ಲೇ ಈ ನುಸಿಗಳು ಮರಿ ಮಾಡುವುದು.